ಚಿಲಕವಿಲ್ಲದ ಬಚ್ಚಲುಮನೆ

"ಇದು ಸುಟ್ಟ ಗಾಯ ಅಲ್ಲ ಮೇಡಂ. ಬಿಸಿನೀರೂ ಅಲ್ಲ, ಆ್ಯಸಿಡ್ಡೂ ಅಲ್ಲ. ಇನ್ನೂ ಎಷ್ಟು ಸಲ ಹೇಳಲಿ?"

ಡಾಕ್ಟರ್ ಅರ್ಪಣಾ ಅವರ ದನಿ ಫೋನಿನಲ್ಲಿ ಒಡೆದು ಒಡೆದು ಬರುತ್ತಿತ್ತು. ಸಬ್ ಇನ್ಸ್‌ಪೆಕ್ಟರ್ ನೀಲಾಂಬಿಕೆ ಹರಿಹರಪುರದ ತಿರುವಿನಲ್ಲಿ ಜೀಪು ನಿಲ್ಲಿಸಿಕೊಂಡು, ಸುಡುವ ಬಾನೆಟ್ಟಿಗೆ ತಾಗದ ಹಾಗೆ ಒರಗಿ ನಿಂತಿದ್ದಳು. ಆ ಜಾಗ ಬಿಟ್ಟು ಸ್ವಲ್ಪ ಆಚೀಚೆಯಾದರೆ ಸಿಗ್ನಲ್ ಸತ್ತೇ ಹೋಗುತ್ತಿತ್ತು.

"ಸುಡದೇ ಇದ್ರೆ ಚರ್ಮ ಹಾಗೆ ಸುಲಿದು ಬರುತ್ತಾ ಡಾಕ್ಟ್ರೇ? ನಾನೇ ಕಣ್ಣಾರೆ ನೋಡಿದೀನಿ."

"ಬರುತ್ತೆ. ಔಷಧಿ ಮೈಗೆ ಒಗ್ಗದೆ ಹೋದ್ರೆ ಬರುತ್ತೆ. ಮೊದಲು ಜ್ವರ, ಕಣ್ಣುರಿ, ಬಾಯಲ್ಲಿ ಹುಣ್ಣು. ಆಮೇಲೆ ಮೈಮೇಲೆ ಕೆಂಪು, ಗುಳ್ಳೆ. ಕೊನೆಗೆ ಚರ್ಮವೇ ಬಿಟ್ಟುಕೊಳ್ಳುತ್ತೆ. ಸೇರಿಸಿದ ದಿನ ತೆಗೆದಿಟ್ಟ ರಕ್ತದ ರಿಪೋರ್ಟ್ ಈಗ ಬಂತು. ಕಾರ್ಬಮಜೆಪಿನ್ ಸಿಕ್ಕಿದೆ. ಫಿಟ್ಸ್‌ಗೆ ಕೊಡೋ ಮಾತ್ರೆ ಅದು."

ಮದುವೆಯಾಗಿ ಎರಡು ತಿಂಗಳೂ ತುಂಬದ ಕಾವ್ಯಳ ಮೇಲೆ ಗಂಡ ಕುದಿಯುವ ನೀರು ಹುಯ್ದ ಎಂದು ಹುಡುಗಿಯ ಅಪ್ಪ ದೂರು ಕೊಟ್ಟಿದ್ದ. ಆ ಗಂಡ ಧರ್ಮೇಶನನ್ನು ನೀಲಾಂಬಿಕೆಯೇ ಹಿಡಿದು ತಂದು, ಕೋರ್ಟಿನಿಂದ ಕಸ್ಟಡಿಗೆ ಪಡೆದು ಲಾಕಪ್ಪಿಗೆ ಹಾಕಿ ವಾರದ ಮೇಲಾಗಿತ್ತು.

"ಅಂದ್ರೆ, ಕಾವ್ಯಂಗೆ ಫಿಟ್ಸ್ ಇತ್ತಾ?"

"ಅದನ್ನೇ ನಾನು ನಿಮ್ಮನ್ನ ಕೇಳ್ತಿರೋದು! ಇದ್ದಿದ್ರೆ ಮಾತ್ರೆ ನಿಂತಿರೋದರಿಂದ ಯಾವಾಗ ಬೇಕಾದ್ರೂ ಬರಬಹುದು. ಈ ಸ್ಥಿತಿಯಲ್ಲಿ ಬಂದ್ರೆ ಹುಡುಗಿ ಉಳಿಯಲ್ಲ. ಬೇರೆ ಗುಂಪಿನ ಔಷಧಿ ಈಗಲೇ ಶುರು ಮಾಡಬೇಕು. ಇಲ್ಲದಿದ್ರೆ ಸುಮ್ಮನೆ ಇನ್ನೊಂದು ಔಷಧಿ ಆ ಮೈಗೆ ಹಾಕೋ ಧೈರ್ಯ ನನಗಿಲ್ಲ. ಅವಳನ್ನೇ ಕೇಳೋಣ ಅಂದ್ರೆ ನಾಲಿಗೆ ಹೊರಳಲ್ಲ. ಅವಳಮ್ಮ ಬರೀ ಅಳ್ತಾರೆ. ಅತ್ತೆ ಫೋನೇ ಎತ್ತಲ್ಲ. ಇವತ್ತು ಸಂಜೆಯೊಳಗೆ ಯಾರಾದ್ರೂ ಒಬ್ಬರು ನಿಜ ಹೇಳಬೇಕು ಮೇಡಂ."

"ಹೇಳಿಸ್ತೀನಿ."

"ಇನ್ನೊಂದು ಮಾತು. ಇದು ಕೆಲವು ಮನೆತನದ ರಕ್ತದಲ್ಲೇ ಇರುತ್ತೆ. ಅವಳ ಒಡಹುಟ್ಟಿದವರು, ತಾಯಿ ಕಡೆಯವರು ಯಾರೂ ಈ ಮಾತ್ರೆ ಮುಟ್ಟೋ ಹಾಗಿಲ್ಲ, ಅವರಿಗೆ..."

ಫೋನು ಸತ್ತಿತು. ನೀಲಾಂಬಿಕೆ ಅದನ್ನು ಆಕಾಶಕ್ಕೆ ಹಿಡಿದಳು, ಕೈ ಬದಲಿಸಿದಳು, ಕೊನೆಗೆ ಬೈದು ಜೇಬಿಗೆ ತುರುಕಿದಳು.

ಬೆಳಗಿನಿಂದ ನಡೆದದ್ದೆಲ್ಲ ಹೀಗೆಯೇ. ಧರ್ಮೇಶನದು ಶೃಂಗೇರಿಯಲ್ಲಿ ಕಳೆ ಕತ್ತರಿಸುವ ಯಂತ್ರಗಳ ರಿಪೇರಿ ಅಂಗಡಿ. ಅಲ್ಲಿ ಅಕ್ಕಪಕ್ಕದವರನ್ನೆಲ್ಲ ಕೇಳಿ ಆಗಿತ್ತು. ಒಳ್ಳೆಯವನು, ಬಸ್ಸಿಗೆ ಬರುತ್ತಾನೆ, ಬಸ್ಸಿಗೆ ಹೋಗುತ್ತಾನೆ, ಯಾರ ತಂಟೆಗೂ ಹೋಗುವವನಲ್ಲ ಎಂಬುದು ಬಿಟ್ಟು ಯಾರ ಬಾಯಿಂದಲೂ ಒಂದಕ್ಷರ ಹೊರಟಿರಲಿಲ್ಲ. ಒಳ್ಳೆಯವರ ಸಹವಾಸ ಸಾಕಾಗಿ ಹೋಗಿತ್ತು ಅವಳಿಗೆ.

ರಸ್ತೆಯಾಚೆಯ ಹೋಟೆಲಿನಿಂದ ಹೆಡ್ ಕಾನ್ಸ್‌ಟೇಬಲ್ ಗುರುವ ಬಂದ. ತರಿಸಿದ ಚಹಾವನ್ನು ಮೇಜಿನ ಮೇಲೆ ಹಾಗೆಯೇ ಬಿಟ್ಟು ಬಂದಿದ್ದ.

"ಕುಡೀಲಿಲ್ವಾ?"

"ಬಾಯೆಲ್ಲ ಉರಿ ಮೇಡಂ. ಎಲೆಗೆ ಸುಣ್ಣ ಜಾಸ್ತಿ ಆಯ್ತು ಕಾಣ್ತದೆ." ಅವನು ಕಾಲರಿನೊಳಗೆ ಕೈ ಹಾಕಿ ಕುತ್ತಿಗೆ ಕೆರೆದ. ಆಮೇಲೆ ಸೊಂಟ ಕೆರೆದ. ಜೇಬಿನಲ್ಲಿ ಬೀಗದ ಕೈ ಸದ್ದು ಮಾಡಿತು.

"ಲಾಕಪ್ಪಿನ ಕೈ ಮತ್ತೆ ಜೇಬಲ್ಲಿ ಇಟ್ಕೊಂಡು ಬಂದ್ರಾ? ಠಾಣೆಯಲ್ಲಿ ಅರುಣನ ಹತ್ರ ಕೊಟ್ಟು ಬನ್ನಿ ಅಂತ ಎಷ್ಟು ಸಲ ಹೇಳಬೇಕು? ಇನ್ನೊಂದು ಬೀಗದ ಕೈ ಕಳೆದುಹೋಗಿ ಒಂದು ಕಾಲ ಆಯ್ತು, ಹೊಸ ಬೀಗ ಬೇಕು ಅಂತ ಬರೆದು ಬರೆದು ನನಗೂ ಸಾಕಾಯ್ತು."

"ಮರೆತೆ ಮೇಡಂ. ಇವತ್ತು ತಲೆಯೇ ಸರಿ ಇಲ್ಲ." ಗುರುವ ಮಾತು ತಪ್ಪಿಸಿದ. "ಎಂತ ಅಂದ್ರು ಡಾಕ್ಟ್ರು?"

ಅವಳು ಹೇಳಿದಳು. ಗುರುವ ಪೂರ್ತಿ ಕೇಳಲೂ ಇಲ್ಲ.

"ಮಾತ್ರೆಯೂ ಇಲ್ಲ, ಮಣ್ಣೂ ಇಲ್ಲ. ಅದು ಚಾರೇ. ನಾನು ಮೊದಲೇ ಹೇಳಲಿಲ್ವಾ? ಮಹಜರಿಗೆ ಅಂತ ಆ ಮನೆ ಹಿಂದಿನ ಕಾಡಿನ ಅಂಚಲ್ಲಿ ತಿರುಗಿದ್ದಕ್ಕೆ ನಂಗೂ ತಾಗಿದೆ ನೋಡಿ."

ಈ ಸೀಮೆಯವರಿಗೆ ಚಾರಿನ ಮರದ ಪರಿಚಯ ಬೇಕಾಗಿಲ್ಲ. ಅದರ ಸೊನೆ ತಾಗಿದರೆ ಮೈ ಬಾತು, ಗುಳ್ಳೆಯೆದ್ದು, ನೀರು ಸೋರುತ್ತದೆ. ಕೆಲವರಿಗೆ ಕೆಳಗೆ ಹಾದು ಹೋದರೂ ಸಾಕು. ಹಾಗಾದಾಗ ತಾರೆ ಮರ ಹುಡುಕಿಕೊಂಡು ಹೋಗಿ, ಅದಕ್ಕೆ ಸುತ್ತು ಬಂದು, ಚಕ್ಕೆ ಕೆತ್ತಿ ತಂದು ಕುದಿಸಿ, ಆ ನೀರಿನಲ್ಲಿ ಮೀಯಿಸುತ್ತಾರೆ.

ಕಾವ್ಯಳಿಗೆ ಮೈತುಂಬ ಕೆಂಪೆದ್ದಾಗ ಅತ್ತೆ ಯಮುನಮ್ಮ ಮಾಡಿದ್ದೂ ಇದನ್ನೇ. ಬಚ್ಚಲಲ್ಲಿ ಹಂಡೆ ಕುದಿಯುತ್ತಿದ್ದದ್ದು, ಸೊಸೆ ಕಿರುಚಿಕೊಂಡದ್ದು, ಮಾರನೆಯ ದಿನ ಮೈ ಸುಲಿದದ್ದು. ಇಷ್ಟು ಕಿವಿಗೆ ಬಿದ್ದ ಮೇಲೆ ಹೆತ್ತ ಅಪ್ಪ ಬೇರೆ ಏನು ತಿಳಿದುಕೊಂಡಾನು? ನೀಲಾಂಬಿಕೆಯೂ ಅದನ್ನೇ ತಿಳಿದುಕೊಂಡಿದ್ದಳು. ತರೀಕೆರೆಯ ಬಯಲಿನಲ್ಲಿ ಬೆಳೆದ ಅವಳಿಗೆ ಚಾರು, ತಾರೆ ಎಲ್ಲ ಆರೋಪಿಯ ಕಡೆಯವರು ಕಟ್ಟಿದ ಕಥೆಯಂತೆ ಕೇಳಿತ್ತು.

"ನಡೀರಿ, ಮುತ್ತಿನಕೊಪ್ಪಕ್ಕೆ. ವಾಸಪ್ಪನವರನ್ನೇ ಕೇಳೋಣ."

"ನೀವೇ ಓಡಿಸ್ತೀರಾ ಮೇಡಂ? ಕಣ್ಣು ಬೆಂಕಿ ಬೆಂಕಿ ಆಗ್ತದೆ."

ಸಾಹೇಬರ ಸವಾರಿ! ಅವಳು ಹಲ್ಲು ಕಚ್ಚಿಕೊಂಡು ಸ್ಟೇರಿಂಗ್ ಹಿಡಿದಳು. ಕೊಪ್ಪ ದಾಟಿ ನರಸಿಂಹರಾಜಪುರದ ದಾರಿ ಹಿಡಿಯುವಷ್ಟರಲ್ಲಿ ಗುರುವ ಪಕ್ಕದ ಸೀಟಿನಲ್ಲಿ ನಿದ್ದೆ ಹೋಗಿದ್ದ, ನಿದ್ದೆಯಲ್ಲೂ ಕೆರೆದುಕೊಳ್ಳುತ್ತಿದ್ದ.

ಕಾವ್ಯಳ ಅಪ್ಪ ವಾಸಪ್ಪ ಆಸ್ಪತ್ರೆಗೆ ಹೊರಟು ಕೈಯಲ್ಲಿ ಚೀಲ ಹಿಡಿದು ಬಸ್ಸಿಗೆ ಕಾಯುತ್ತಿದ್ದ. ಜೀಪು ಕಂಡದ್ದೇ ಓಡಿ ಬಂದ. ಪ್ರಶ್ನೆ ಕೇಳಿದ್ದೇ ಅವನ ಮುಖ ಕಪ್ಪಿಟ್ಟಿತು.

"ನನ್ನ ಮಗಳಿಗೆ ಮೂರ್ಛೆರೋಗವಾ? ಯಾರು ಹೇಳಿದ್ದು? ಆ ಮನೆಯವರು ಹೇಳಿಸಿದ್ರಾ?"

"ಯಾರೂ ಹೇಳಿಸಿಲ್ಲ. ರಕ್ತದಲ್ಲಿ ಮಾತ್ರೆ ಸಿಕ್ಕಿದೆ. ಮದುವೆಗೆ ಮೊದಲು ಮುಚ್ಚಿಟ್ಟಿದ್ರೆ ಈಗಲಾದ್ರೂ ಬಾಯಿ ಬಿಡಿ. ನಿಮ್ಮ ಮರ್ಯಾದೆಗಿಂತ ಮಗಳ ಜೀವ ದೊಡ್ಡದು."

"ಭದ್ರಾ ಹಿನ್ನೀರಲ್ಲಿ ಈಜಿ ಬೆಳೆದ ಹುಡುಗಿ ಅದು ಮೇಡಂ! ಫಿಟ್ಸ್ ಬರೋ ಕೂಸನ್ನ ಯಾರಾದ್ರೂ ನೀರಿಗೆ ಬಿಡ್ತಾರಾ? ಭಾವ, ನೀನಾದ್ರೂ ಹೇಳೋ!"

ನೀಲಾಂಬಿಕೆ ತಿರುಗಿ ಗುರುವನನ್ನು ನೋಡಿದಳು. ಗುರುವ ರಸ್ತೆಯನ್ನು ನೋಡಿದ.

"ಭಾವ?"

"ಕಾವ್ಯನ ಅಮ್ಮ ನನ್ನ ಚಿಕ್ಕಪ್ಪನ ಮಗಳು ಮೇಡಂ."

"ಇದನ್ನ ಯಾವಾಗ ಹೇಳೋಣ ಅಂತಿದ್ರಿ? ನಾನು ರಿಟೈರ್ ಆದ್ಮೇಲಾ?"

"ಈ ಸೀಮೆಯಲ್ಲಿ ಸಂಬಂಧ ಇಲ್ಲದವರನ್ನ ಹುಡುಕೋದೇ ಕಷ್ಟ. ಎಲ್ಲಾ ಕೇಸಲ್ಲೂ ಹೇಳ್ತಾ ಹೋದ್ರೆ ನನಗೆ ಕೆಲಸವೇ ಇರಲ್ಲ."

ಅವಳಿಗೆ ನೆತ್ತಿಯವರೆಗೂ ಸಿಟ್ಟು ಏರಿತು. ಆದರೆ ವಾಸಪ್ಪ ಇಬ್ಬರಿಗೂ ಪುರುಸೊತ್ತು ಕೊಡಲಿಲ್ಲ. ಎದೆಯಲ್ಲಿ ಕಟ್ಟಿಕೊಂಡಿದ್ದನ್ನೆಲ್ಲ ಒಂದೇ ಸಮ ಹೊರಗೆ ಹಾಕಿದ.

"ನಮ್ಮನ್ನ ಕೀಳು ಮಾಡಿದ್ರು ಮೇಡಂ. ಮಂಚ ಕೊಟ್ವಿ, ಅದನ್ನ ಇನ್ನೊಂದು ಕೋಣೆಗೆ ನೂಕಿ ನನ್ನ ಮಗಳನ್ನ ನೆಲದ ಮೇಲೆ ಮಲಗಿಸಿದ್ರು. ಬೈಕ್ ಕೊಟ್ವಿ, ಅಳಿಯ ಒಂದು ದಿನ ಹತ್ತಲಿಲ್ಲ, ಬಸ್ಸಿಗೇ ಹೋದ. ಬಚ್ಚಲಿಗೆ ಒಂದು ಚಿಲಕ ಇಲ್ಲ ಆ ಮನೇಲಿ. ಹೆಣ್ಣುಮಗಳು ಮೀಯೋ ಜಾಗದ ಚಿಲಕ ಕಿತ್ತಿಟ್ಟಿದ್ದು ಎಂತಕ್ಕೆ? ಯಾವಾಗ ಬೇಕಾದ್ರೂ ನುಗ್ಗಿ ನೀರು ಹುಯ್ಯೋದಕ್ಕೇ ಅಲ್ವಾ? ನೀವೇ ಬರ್ಕೊಂಡಿದೀರಲ್ಲ!"

ಹೌದು, ಅವಳೇ ಬರೆದುಕೊಂಡಿದ್ದಳು. ಮಹಜರಿನಲ್ಲಿ ಅದೇ ದೊಡ್ಡ ಸಾಕ್ಷಿಯಾಗಿ ಕೂತಿತ್ತು.

ವಾಸಪ್ಪ ಅಷ್ಟರಲ್ಲಿ ಅಳಲು ಶುರು ಮಾಡಿದ್ದ. ದೊಡ್ಡ ಗಂಡಸು ನಡುರಸ್ತೆಯಲ್ಲಿ ಟವೆಲು ಬಾಯಿಗೆ ಒತ್ತಿಕೊಂಡು ಅಳುವುದನ್ನು ನೋಡಿದರೆ ಯಾರಿಗೂ ಸುಳ್ಳು ಎನ್ನಿಸುತ್ತಿರಲಿಲ್ಲ. ಇವನು ಮುಚ್ಚಿಡುತ್ತಿಲ್ಲ ಎಂದು ನೀಲಾಂಬಿಕೆಗೂ ಅನ್ನಿಸಿತು, ಅನ್ನಿಸಿದ್ದಕ್ಕೇ ಸಂಕಟವಾಯಿತು. ಹುಡುಗಿಗೆ ಫಿಟ್ಸ್ ಇಲ್ಲ ಎಂದಾದರೆ ಫಿಟ್ಸಿನ ಮಾತ್ರೆ ಅವಳ ರಕ್ತಕ್ಕೆ ಹೇಗೆ ಹೋಯಿತು?

ಮತ್ತೆ ಅದೇ ದಾರಿಯಲ್ಲಿ ಹಿಂದಕ್ಕೆ. ಮುಂದೆ ಮರದ ಲಾರಿ, ಅದರ ಮುಂದೆ ಇನ್ನೊಂದು ಲಾರಿ. ಹಾರನ್ ಒತ್ತಿ ಒತ್ತಿ ಬೆರಳು ನೊಂದಿತು. ದಾರಿಯುದ್ದಕ್ಕೂ ವಾಸಪ್ಪನ ದೂರುಗಳು ಅವಳ ತಲೆಯಲ್ಲಿ ಸುತ್ತುತ್ತಿದ್ದವು. ನೆಲದ ಮೇಲೆ ಹಾಸಿಗೆ; ಮಹಜರಿನ ದಿನ ಅವಳೇ ನೋಡಿದ್ದಳು, ಗಂಡ ಹೆಂಡತಿ ಇಬ್ಬರದೂ ಜೊತೆಯಲ್ಲೇ ಇತ್ತು. ಹತ್ತದ ಬೈಕು. ಇಲ್ಲದ ಚಿಲಕ. ಸೊಸೆಯನ್ನು ಹೀನಾಯ ಮಾಡುವವರು ಮಗನನ್ನೂ ಅವಳ ಜೊತೆ ನೆಲದ ಮೇಲೆ ಯಾಕೆ ಮಲಗಿಸಬೇಕು?

ಭಂಡಿಗಡಿಯ ಮನೆ ತಲುಪಿದಾಗ ಬಿಸಿಲು ಇಳಿಯುತ್ತಿತ್ತು. ಯಮುನಮ್ಮ ಅಂಗಳದ ಕಟ್ಟೆಯ ಮೇಲೆ ಕೊತ್ತಂಬರಿ ಬೀಜ ಆರಿಸುತ್ತಾ ಕೂತಿದ್ದಳು. ಪಕ್ಕದಲ್ಲಿ ಠಾಣೆಯಿಂದ ವಾಪಸು ಬಂದ ಬುತ್ತಿ, ಸ್ಟೀಲಿನ ಫ್ಲಾಸ್ಕು ತೊಳೆದು ಬೋರಲು ಹಾಕಿದ್ದವು. ದಿನಾ ಬೆಳಗಿನ ಬಸ್ಸಿನಲ್ಲಿ ಕಂಡಕ್ಟರನ ಕೈಗೆ ಕೊಟ್ಟು ಮಗನಿಗೆ ಕಳಿಸುವುದು ಅವಳ ಪದ್ಧತಿ.

ಪೊಲೀಸರನ್ನು ನೋಡಿ ಅವಳು ಏಳಲಿಲ್ಲ. ಬೈಯಲೂ ಇಲ್ಲ. ಮೊದಲು ಕೇಳಿದ್ದು ಒಂದೇ ಮಾತು.

"ಅವನು ಕಷಾಯ ಕುಡಿದನಾ?"

ಸೊಸೆ ಸಾಯಲು ಬಿದ್ದಿದ್ದಾಳೆ, ಈ ಮಹಾತಾಯಿಗೆ ಕಷಾಯದ ಚಿಂತೆ! ನೀಲಾಂಬಿಕೆಗೆ ಮೈ ಉರಿಯಿತು. ಹಿಂದಿನಿಂದ ಗುರುವ ತಲೆ ತಗ್ಗಿಸಿಕೊಂಡು ಉತ್ತರ ಕೊಟ್ಟ.

"ಕುಡೀತಾನಮ್ಮ. ಒಂದು ತೊಟ್ಟೂ ಬಿಡಲ್ಲ."

ಯಮುನಮ್ಮನ ಮುಖ ಸಡಿಲವಾಯಿತು. ಮತ್ತೆ ಕೊತ್ತಂಬರಿಗೆ ಕೈ ಹಾಕಿದಳು.

ನೀಲಾಂಬಿಕೆ ಅವಳನ್ನು ಮಾತಾಡಿಸದೆ ಸೀದಾ ಬಚ್ಚಲಿಗೆ ಹೋದಳು. ಹಂಡೆ ಖಾಲಿಯಾಗಿತ್ತು, ಒಲೆ ತಣ್ಣಗಿತ್ತು. ಬಾಗಿಲಿನ ಒಳಮೈಯಲ್ಲಿ ಚಿಲಕವಿದ್ದ ಜಾಗದಲ್ಲಿ ನಾಲ್ಕು ತೂತು. ಹಿಂದಿನ ಸಲ ಇಷ್ಟನ್ನೇ ನೋಡಿ ಬರೆದುಕೊಂಡು ಹೋಗಿದ್ದಳು. ಈ ಸಲ ಬೆರಳಿಟ್ಟು ನೋಡಿದಳು.

ತೂತಿನೊಳಗೆ ಬಣ್ಣ ತುಂಬಿತ್ತು. ಬಾಗಿಲಿಗೆ ಬಳಿದದ್ದೇ ಹಸಿರು ಬಣ್ಣ. ಅದರ ಕೆಳಗೆ ಇನ್ನೊಂದು, ನೀಲಿ. ಉಗುರಿನಿಂದ ಕೆರೆದರೆ ನೀಲಿಯೂ ತೂತಿನೊಳಗೆ ಇಳಿದಿತ್ತು. ಹಸಿರು ಮದುವೆಗೆ ಬಳಿದದ್ದು ಎಂದು ಧರ್ಮೇಶನೇ ಹಿಂದೆ ಹೇಳಿದ್ದ. ನೀಲಿ ಅದಕ್ಕೂ ಎಷ್ಟೋ ವರ್ಷ ಹಳೆಯದು.

ಅಂದರೆ ಕಾವ್ಯ ಈ ಮನೆಯ ಹೊಸಿಲು ತುಳಿಯುವುದಕ್ಕೆ ಎಷ್ಟೋ ಮೊದಲೇ ಚಿಲಕ ಹೋಗಿತ್ತು. ಅವಳಿಗಾಗಿ ಕಿತ್ತದ್ದಲ್ಲ.

ಮತ್ತೆ ಯಾರಿಗಾಗಿ? ಬಚ್ಚಲೊಳಗೆ ಬಿದ್ದರೆ ಹೊರಗಿನವರು ಓಡಿ ಬಂದು ಎತ್ತಬೇಕಾದವರು ಈ ಮನೆಯಲ್ಲಿ ಯಾರಿದ್ದಾರೆ? ಮಂಚದಿಂದ ಉರುಳಿ ಪೆಟ್ಟಾಗಬಾರದೆಂದು ನೆಲದ ಮೇಲೆ ಮಲಗುವವರು ಯಾರು? ಹೊಸ ಬೈಕು ಅಂಗಳದಲ್ಲಿ ನಿಂತಿದ್ದರೂ ಬಸ್ಸಿಗೆ ಕಾಯುವವರು ಯಾರು?

ಅವಳು ಹಣೆ ಹಣೆ ಬಡಿದುಕೊಂಡಳು. ಇಡೀ ದಿನ ತಾಲೂಕಿನಿಂದ ತಾಲೂಕಿಗೆ ಅಲೆದದ್ದು ತಪ್ಪು ರೋಗಿಯ ಹಿಂದೆ. ಉತ್ತರ ಮಹಜರಿನ ದಿನವೇ ಕಣ್ಣ ಮುಂದೆ ಇತ್ತು, ಅವಳು ಅದನ್ನು ಅಪರಾಧ ಎಂದು ಬರೆದುಕೊಂಡು ಹೋಗಿದ್ದಳು.

ಅಂಗಳಕ್ಕೆ ಬಂದು ಯಮುನಮ್ಮನ ಎದುರಿಗೆ ಕೂತಳು.

"ಧರ್ಮೇಶಂಗೆ ಫಿಟ್ಸ್ ಯಾವಾಗಿಂದ?"

ಯಮುನಮ್ಮನ ಕೈ ಮೊರದ ಮೇಲೆ ನಿಂತಿತು.

"ಎಂತ ಮಾತು ಅಂತ ಆಡ್ತೀರಿ ನೀವು? ನನ್ನ ಮಗ ಗಟ್ಟಿಮುಟ್ಟಾಗಿದ್ದಾನೆ."

"ಬಚ್ಚಲಿನ ಚಿಲಕ ಯಾರು ಕಿತ್ತಿದ್ದು?"

"ತುಕ್ಕು ಹಿಡಿದಿತ್ತು."

"ಬೈಕ್ ಯಾಕೆ ಹತ್ತಲ್ಲ?"

"ಪೆಟ್ರೋಲಿಗೆ ದುಡ್ಡು ಬೇಡವಾ?"

"ಮಂಚಕ್ಕೂ ಪೆಟ್ರೋಲ್ ಹಾಕ್ತಾರಾ ಯಮುನಮ್ಮ?"

ಅವಳು ಮೊರವನ್ನು ಹತ್ತಿರಕ್ಕೆ ಎಳೆದುಕೊಂಡು ಮತ್ತೆ ಆರಿಸತೊಡಗಿದಳು. ಅದನ್ನು ನೋಡಿ ನೀಲಾಂಬಿಕೆಯ ತಾಳ್ಮೆ ಪೂರ್ತಿ ಕೆಟ್ಟಿತು.

"ನೋಡಿ, ನಿಮ್ಮ ಮಗ ಬಿಸಿನೀರು ಹುಯ್ದಿಲ್ಲ ಅಂತ ನನಗೀಗ ಗೊತ್ತು. ನೀವೂ ಹುಯ್ದಿಲ್ಲ. ಕಾವ್ಯನ ಮೈ ಸುಲಿದಿದ್ದು ಫಿಟ್ಸಿನ ಮಾತ್ರೆಯಿಂದ. ಅದು ಈ ಮನೆಯಿಂದಲೇ ಹೋಗಿದೆ. ಅವಳಿಗೆ ಫಿಟ್ಸ್ ಇದೆ ಅಂದ್ಕೊಂಡು ಡಾಕ್ಟ್ರು ಇನ್ನೊಂದು ಔಷಧಿ ಹಾಕೋದಕ್ಕೂ ಮೊದಲು ಹೇಳಿ. ನೀವು ಬಾಯಿ ಮುಚ್ಕೊಂಡು ಕೂತ್ರೆ ಆ ಹುಡುಗಿ ಸತ್ತುಹೋಗ್ತಾಳೆ."

"ಮಾತ್ರೆಯಿಂದಾ?" ಯಮುನಮ್ಮನ ದನಿ ತಟ್ಟನೆ ಕುಸಿಯಿತು. "ಚಾರು ಅಲ್ವಾ ಅದು?"

"ಅಲ್ಲ."

ಮುದುಕಿ ಎದ್ದಳು. ಒಳಗೆ ಹೋಗಿ ಅಕ್ಕಿ ಡಬ್ಬಿಯ ಮುಚ್ಚಳ ತೆಗೆದ ಸದ್ದು ಕೇಳಿಸಿತು. ಮಾತ್ರೆಯ ಪಟ್ಟಿಗಳನ್ನು ತಂದು ನೀಲಾಂಬಿಕೆಯ ಮಡಿಲಿಗೆ ಹಾಕಿದಳು. ಹೆಸರು ಓದಬೇಕಾದ ಅಗತ್ಯವೂ ಇರಲಿಲ್ಲ.

"ಹೈಸ್ಕೂಲಲ್ಲಿದ್ದಾಗ ಶುರು ಆದದ್ದು. ಮಾತ್ರೆ ತಗೊಂಡ್ರೆ ಎಂತ ತೊಂದ್ರೆಯೂ ಇರಲಿಲ್ಲ. ವರ್ಷಗಟ್ಟಲೆ ಬೀಳಲಿಲ್ಲ. ಹೇಳಿದ್ರೆ ಯಾರು ಹೆಣ್ಣು ಕೊಡ್ತಾರೆ ಹೇಳಿ? ಮದುವೆ ಆದ್ಮೇಲೆ ಇವನು ಮಾತ್ರೆಯನ್ನೇ ಬಿಟ್ಟ. ಹೆಂಡ್ತಿ ನೋಡಿ ಕೇಳಿದ್ರೆ ಎಂತ ಹೇಳೋದು ಅಂತ ಹೆದರಿಕೆ. ನಂಗೆ ನಿದ್ದೆ ಇಲ್ಲ. ಅದಕ್ಕೇ ಕುಟ್ಟಿ ಪುಡಿ ಮಾಡಿ ಬೆಳಗಿನ ಕಷಾಯಕ್ಕೆ ಹಾಕಿ ಕೊಡ್ತಿದ್ದೆ. ಅವನಿಗೂ ಗೊತ್ತಿಲ್ಲ. ಬೆಲ್ಲ ಜಾಸ್ತಿ ಹಾಕಿದ್ರೆ ಕಹಿ ತಿಳಿಯಲ್ಲ."

"ಕಾವ್ಯಂಗೆ?"

"ದೇವರಾಣೆ ಅವಳಿಗೆ ಒಂದು ಚಿಟಿಕೆ ಕೊಟ್ಟಿಲ್ಲ. ಅವಳಿಗೆ ಬೇರೆ ಕಾಫಿ."

"ಅವನು ಕಷಾಯ ನಿಮ್ಮೆದುರೇ ಕುಡೀತಿದ್ನಾ?"

"ಇಲ್ಲ. ಲೋಟ ಹಿಡ್ಕೊಂಡು ಕೋಣೆಗೆ ಹೋಗ್ತಿದ್ದ. ಹೊಸ ಗಂಡ ಹೆಂಡ್ತಿ, ನಾನೆಂತಕ್ಕೆ ಹಿಂದೆ ಹೋಗ್ಲಿ? ಒಳಗೆ ಇಬ್ಬರೂ ನಗೋದು ಕೇಳ್ತಿತ್ತು. ಲೋಟ ಖಾಲಿ ಬರ್ತಿತ್ತು."

"ಕಾಫಿ ಲೋಟ?"

ಯಮುನಮ್ಮನ ಕಣ್ಣು ಅಡುಗೆಮನೆಯ ಬಾಗಿಲ ಕಡೆ ಹೋಯಿತು. ಅಲ್ಲೇ ಏನೋ ಕಂಡವಳ ಹಾಗೆ ನಿಂತಳು.

"ಕಾಫಿ... ಅದು ಎಷ್ಟೋ ದಿನ ಹಾಗೇ ತಣ್ಣಗಾಗಿ ಉಳೀತಿತ್ತು. ನಾನು ದನದ ಬಾನಿಗೆ ಚೆಲ್ತಿದ್ದೆ."

"ಒಂದು ಲೋಟ ಕಷಾಯ, ಇಬ್ಬರಿಗೆ ಅರ್ಧರ್ಧ," ಎಂದಳು ನೀಲಾಂಬಿಕೆ.

"ಅಯ್ಯೋ." ಯಮುನಮ್ಮ ಕಟ್ಟೆಯ ಮೇಲೆ ಕುಸಿದಳು. "ಅವನ ಕೈ ಮಧ್ಯೆ ಮಧ್ಯೆ ಅದುರ್ತಿತ್ತು. ಮಾತ್ರೆ ಸಾಲ್ತಾ ಇಲ್ಲ ಅಂತ ನಾನು ಇನ್ನೊಂದು ಸೇರಿಸಿದೆ. ಅವಳು ಮೈಯೆಲ್ಲ ಉರಿ ಅಂದಾಗ ಅವನು ತನ್ನ ಲೋಟ ಪೂರ್ತಿ ಅವಳಿಗೇ ಕುಡಿಸಿದ. ಹೊಟ್ಟೆಗೆ ತಂಪು ಅಂತ. ನಾನು ಇದೇ ಬಾಗಿಲಲ್ಲಿ ನಿಂತು ನೋಡಿದೆ. ನನ್ನ ಮಗ ಹೆಂಡ್ತಿನ ಎಷ್ಟು ಚೆಂದ ನೋಡ್ಕೊಳ್ತಾನೆ ಅಂತ ಹಿಗ್ಗಿದೆ."

ನೀಲಾಂಬಿಕೆಗೆ ಅವಳ ಮೇಲೆ ಸಿಟ್ಟು ಉಳಿಯಲಿಲ್ಲ. ಇಲ್ಲಿ ಹಿಡಿದು ಹಾಕಬೇಕಾದ ಕೊಲೆಗಡುಕ ಯಾರೂ ಇರಲಿಲ್ಲ. ಇದ್ದದ್ದು ಒಂದು ಗುಟ್ಟು, ಅದನ್ನು ಪ್ರೀತಿಯಿಂದ ಕಾಪಾಡಿದ ಮನೆ. ಇಂಥದ್ದಕ್ಕೆ ಯಾವ ಸೆಕ್ಷನ್ ಹಾಕುವುದು?

ಆದರೆ ಅರ್ಪಣಾ ಕೇಳಿದ್ದಕ್ಕೆ ಉತ್ತರ ಸಿಕ್ಕಿತ್ತು. ಕಾವ್ಯಳಿಗೆ ಫಿಟ್ಸ್ ಇಲ್ಲ. ಅದನ್ನು ಈಗಲೇ ತಿಳಿಸಬೇಕು. ಫೋನ್ ತೆಗೆದಳು. ಸಿಗ್ನಲ್ಲಿನ ಒಂದು ಗೆರೆಯೂ ಇರಲಿಲ್ಲ. ರಸ್ತೆಗೆ ಓಡಬೇಕೆಂದು ಎದ್ದವಳು ಅರ್ಧದಲ್ಲೇ ನಿಂತಳು.

ಧರ್ಮೇಶ. ವಾರದ ಮೇಲಾಯಿತು, ಅವನು ಒಳಗಿದ್ದಾನೆ. ಮಾತ್ರೆ?

"ಯಮುನಮ್ಮ, ಲಾಕಪ್ಪಲ್ಲಿ ಅವನಿಗೆ ಮಾತ್ರೆ ಇಲ್ಲವಲ್ಲ!"

"ಅದೆಯಲ್ಲ." ಮುದುಕಿ ಕಣ್ಣೊರೆಸಿಕೊಂಡು ಫ್ಲಾಸ್ಕಿನ ಕಡೆ ಕೈ ತೋರಿಸಿದಳು. "ದಿನಾ ಕಷಾಯದಲ್ಲಿ ಹಾಕಿ ಕಳಿಸ್ತಿದೀನಿ. ಅಲ್ಲಿ ಬಿದ್ದುಗಿದ್ದಾನು ಅಂತ ಎರಡೆರಡು ಹಾಕ್ತೀನಿ. ಒಂದು ತೊಟ್ಟೂ ಬಿಡಲ್ಲ ಅಂತ ಅವರೇ ಹೇಳಿದ್ರಲ್ಲ?"

ನೀಲಾಂಬಿಕೆ ಬೋರಲು ಹಾಕಿದ್ದ ಫ್ಲಾಸ್ಕನ್ನು ಎತ್ತಿ ನೋಡಿದಳು.

ಧರ್ಮೇಶನನ್ನು ಒಳಗೆ ಹಾಕಿದ ದಿನವೇ ಅವಳು ಕಟ್ಟಪ್ಪಣೆ ಮಾಡಿದ್ದಳು. ಮನೆಯ ಅನ್ನ, ಸಾರು ಪರೀಕ್ಷಿಸಿ ಕೊಡಿ, ಕುಡಿಯುವುದು ಮಾತ್ರ ಹೊರಗಿನದು ಏನೂ ಬೇಡ. ಕಳೆನಾಶಕ ಮನೆಮನೆಯಲ್ಲೂ ಇರುವ ಊರು, ಯಾರು ಯಾವುದರಲ್ಲಿ ಏನು ಬೆರೆಸಿ ಕಳಿಸುತ್ತಾರೋ ಎಂಬ ಭಯ. ಆ ಕಷಾಯ ಧರ್ಮೇಶನ ಬಾಯಿಗೆ ಹೋಗುವ ಹಾಗೇ ಇರಲಿಲ್ಲ. ಗುರುವ ಆಗ ಕುಡೀತಾನೆ ಅಂದದ್ದು ಮುದುಕಿಯ ಸಮಾಧಾನಕ್ಕೆ ಎಂದುಕೊಂಡಿದ್ದಳು. ಆದರೂ ಫ್ಲಾಸ್ಕು ಖಾಲಿಯಾಗಿ ಮನೆಗೆ ಬರುತ್ತಿತ್ತು.

ಅಂಗಳದ ಮೂಲೆಯ ನಲ್ಲಿಯಲ್ಲಿ ಗುರುವ ಮುಖಕ್ಕೆ ನೀರು ಎರಚಿಕೊಳ್ಳುತ್ತಿದ್ದ. ಅಂಗಿಯ ಗುಂಡಿಗಳನ್ನೆಲ್ಲ ಬಿಚ್ಚಿದ್ದ. ಅವಳು ಅವನ ಮುಂದೆ ಹೋಗಿ ನಿಂತಳು.

"ಗುರುವಣ್ಣ, ನನ್ನ ಕಡೆ ತಿರುಗಿ."

ಅವನು ತಿರುಗಿದ. ಕಣ್ಣು ಕೆಂಡದಂತಿತ್ತು. ತುಟಿ ಬಿರಿದು ಮೂಲೆಯಲ್ಲಿ ರಕ್ತ ಜಿನುಗಿತ್ತು. ಎದೆಯ ಮೇಲೆ ಕೆಂಪು ಹಬ್ಬಿ, ಕುತ್ತಿಗೆಯ ಬುಡದಲ್ಲಿ ನೀರು ತುಂಬಿದ ಗುಳ್ಳೆಗಳು ಎದ್ದಿದ್ದವು. ಬೆಳಗಿನಿಂದ ಪಕ್ಕದಲ್ಲೇ ಕೂತಿದ್ದ ಮನುಷ್ಯ! ಕೆರೆದುಕೊಳ್ಳುವುದಕ್ಕೆ ರೇಗಿದ್ದಳೇ ಹೊರತು ಒಂದು ಸಲವೂ ಕಣ್ಣು ಬಿಟ್ಟು ನೋಡಿರಲಿಲ್ಲ.

"ಠಾಣೆಗೆ ಬರೋ ಕಷಾಯ ಯಾರು ಕುಡೀತಿದ್ರು?"

"ಚೆಲ್ಲೋಕೆ ಮನಸ್ಸು ಬರಲಿಲ್ಲ ಮೇಡಂ." ಗುರುವ ಮಾಡಬಾರದ್ದು ಮಾಡಿ ಸಿಕ್ಕಿಬಿದ್ದವನಂತೆ ನಕ್ಕ. ನಕ್ಕದ್ದಕ್ಕೆ ತುಟಿ ನೋವಾಗಿ ಮುಖ ಕಿವುಚಿದ. "ಅಷ್ಟು ಚೆಂದ ಪರಿಮಳ. ನಮ್ಮ ಕೂಸಿನ ಮೈ ಸುಟ್ಟವನಿಗೆ ಕಷಾಯ ಬೇರೆ ಕೇಡು ಅಂತ, ನಾನೇ..."

ಅವಳ ತಾಯಿ ಕಡೆಯವರು ಯಾರೂ ಮುಟ್ಟೋ ಹಾಗಿಲ್ಲ. ಅರ್ಪಣಾ ಅವರ ಒಡೆದ ದನಿ ಮತ್ತೆ ಕಿವಿಯಲ್ಲಿ ಕೇಳಿಸಿತು. ಗುರುವ ಕಾವ್ಯಳ ತಾಯಿಯ ದೊಡ್ಡಪ್ಪನ ಮಗ.

"ಜೀಪು ಹತ್ತಿ. ಈಗಲೇ. ಆಸ್ಪತ್ರೆಗೆ."

"ಎಂತಕ್ಕೆ ಮೇಡಂ? ಒಂದು ಸಲ ತಾರೆ ಮರಕ್ಕೆ ಸುತ್ತು ಬಂದ್ರೆ..."

"ಹತ್ರೀ ಅಂದೆ!"

ಅದೇ ಹೊತ್ತಿಗೆ ಜೀಪಿನ ವೈರ್‌ಲೆಸ್ ಗೊರಗೊರ ಎಂದಿತು. ಠಾಣೆಯಿಂದ ಕಾನ್ಸ್‌ಟೇಬಲ್ ಅರುಣ ಕೂಗುತ್ತಿದ್ದ.

"ಮೇಡಂ! ಧರ್ಮೇಶ್ ಬಿದ್ದುಬಿಟ್ಟಿದ್ದಾನೆ ಮೇಡಂ! ಕೈಕಾಲು ಬಡೀತಿದ್ದಾನೆ, ಬಾಯಲ್ಲಿ ನೊರೆ. ಒಂದು ಸಲ ನಿಂತು ಮತ್ತೆ ಶುರುವಾಯ್ತು. ಮುಖ ಗೋಡೆಗೆ ಬಡೀತಾ ಇದೆ, ಕಂಬಿಯಿಂದ ಕೈ ಹಾಕಿದ್ರೆ ಎಟುಕ್ತಾ ಇಲ್ಲ. ಬೀಗದ ಕೈ ಎಲ್ಲಿ ಮೇಡಂ? ಇಲ್ಲಿ ಎಲ್ಲೂ ಇಲ್ಲ!"

ಗುರುವನ ಕೈ ತಾನಾಗಿ ಪ್ಯಾಂಟಿನ ಜೇಬಿಗೆ ಹೋಯಿತು. ಬೀಗದ ಕೈ ಹೊರಗೆ ಬಂತು. ಅದರ ಜೊತೆಗೆ ಅವನ ಬೆರಳ ತುದಿಯ ಗುಳ್ಳೆಯೊಂದು ಒಡೆದು, ಚರ್ಮ ಸರಿದು ಕಬ್ಬಿಣಕ್ಕೆ ಅಂಟಿಕೊಂಡಿತು. ಅವನು ಅದನ್ನೇ ನೋಡುತ್ತಾ ನಿಂತ. ಮೊದಲ ಸಲ ಅವನ ಕಣ್ಣಿನಲ್ಲಿ ಭಯ ಕಾಣಿಸಿತು.

ಯಮುನಮ್ಮ ಬರಿಗಾಲಲ್ಲಿ ಓಡಿ ಬಂದು ಜೀಪಿನ ಬಾಗಿಲು ಹಿಡಿದಳು. ಕೊತ್ತಂಬರಿ ಅಂಗಳವಿಡೀ ಚೆಲ್ಲಿತ್ತು.

"ಒಡೀರಿ ಅಂತ ಹೇಳು ಮಾರಾಯ್ತಿ! ಬಾಗಿಲು ಒಡೀರಿ ಅಂತ ಹೇಳು! ಅವನಿಗೆ ಅಂತ ಈ ಮನೇಲಿ ನಾನು ಒಂದು ಚಿಲಕ ಇಟ್ಟಿಲ್ಲ!"

ನೀಲಾಂಬಿಕೆ ವೈರ್‌ಲೆಸ್ ಬಾಯಿಗೆ ಹಿಡಿದು ಅದನ್ನೇ ಕಿರುಚಿದಳು. ಒಡೆಯಿರಿ, ಏನು ಸಿಗುತ್ತದೋ ಅದರಿಂದ ಒಡೆಯಿರಿ.

ಆಚೆಯಿಂದ ಕಬ್ಬಿಣಕ್ಕೆ ಕಬ್ಬಿಣ ಬಡಿಯುವ ಸದ್ದು ಕೇಳಿಸತೊಡಗಿತು. ಬಡಿದರು, ಮತ್ತೆ ಬಡಿದರು. ಆಮೇಲೆ ಅರುಣನ ದನಿ, ಈ ಸಲ ಅವನು ಕೂಗುತ್ತಿರಲಿಲ್ಲ.

"ಮೇಡಂ, ಅವನು ಅಲ್ಲಾಡೋದು ನಿಂತುಹೋಯ್ತು. ಬೀಗ ಇನ್ನೂ ಒಡೆದಿಲ್ಲ."